ಕಾಯಿಹಾಲಿನಲ್ಲಿ ಎಣ್ಣೆ ಇಲ್ಲ ಕಣೇ

"ಅಕ್ಕ, ಟೆಂಪೋ ನಿಲ್ಲಿಸೋಕೆ ಹೇಳಿ. ಈಗ್ಲೇ!"

ಕಳೆದ ಭಾನುವಾರ, ಹಾರನಹಳ್ಳಿ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ನನ್ನ ಓರಗಿತ್ತಿ ಶಶಿ ನನ್ನ ಕೈ ಹಿಸುಕಿ ಹೇಳಿದ ಮಾತಿದು. ನಾವು ಹೊರಟಿದ್ದು ನಾದಿನಿಯ ಮಗಳ ಸೀಮಂತಕ್ಕೆ. ಶಶಿ ಉಟ್ಟಿದ್ದು ತಿಳಿ ಗುಲಾಬಿ ರೇಷ್ಮೆ ಸೀರೆ. ತೊಟ್ಟಿದ್ದು ಅವಳ ಮದುವೆಯ ಬ್ಲೌಸು. ಹದಿನೈದು ವರ್ಷದ ಹಿಂದಿನದು! ಹೊಲಿಗೆ ಬಿಚ್ಚದೆ ಹಿಡಿಸಿತ್ತು.

(ನನ್ನ ಮದುವೆಯ ಬ್ಲೌಸಿನಲ್ಲಿ ಈಗ ನನ್ನ ಒಂದು ತೋಳು ಹಿಡಿಸಿದರೆ ಹೆಚ್ಚು.)

ಶಶಿ ಇರುವುದು ಬೇಲೂರಿನಲ್ಲಿ. ಮಂಡಿನೋವು ಹೆಚ್ಚಾಗಿ, ತೂಕ ಇಳಿಸಲು ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟಿದ್ದರು. ಊಟದ ಜೊತೆ ನುಂಗಬೇಕು. ಊಟದಲ್ಲಿನ ಜಿಡ್ಡು ಮೈಗೆ ಹತ್ತಲು ಬಿಡದೆ ಹೊರಗೆ ಕಳಿಸುತ್ತದಂತೆ. ಜಿಡ್ಡು ಜಾಸ್ತಿ ತಿಂದರೋ, ಹೊಟ್ಟೆ ಹೇಳದೆ ಕೇಳದೆ ಕೈಕೊಡುತ್ತದೆ. (ಊಟ ಮಾಡುತ್ತಾ ಓದುತ್ತಿರುವವರು ಕ್ಷಮಿಸಿ.)

ಶಶಿ ಬಲು ಅಚ್ಚುಕಟ್ಟು. ಮುದ್ದೆ, ಸೊಪ್ಪಿನ ಸಾರು, ಕೆನೆ ತೆಗೆದ ಮಜ್ಜಿಗೆ. ಒಗ್ಗರಣೆಗೆ ಒಂದೇ ಚಮಚ ಎಣ್ಣೆ. ಐದು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದಳು. ಈಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದಿಲ್ಲ.

ನನಗೆ ಸಂತೋಷ ಆಗಬೇಕಿತ್ತು, ಅಲ್ಲವೇ? ಹೊಟ್ಟೆಕಿಚ್ಚಾಯಿತು. ಶನಿವಾರ ಅವಳು ಅರಸೀಕೆರೆಯ ನಮ್ಮ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಶುರು ಮಾಡಿದರು.

"ನೋಡೇ, ಶಶಿ ಮದುವಣಗಿತ್ತಿ ಹಂಗೆ ಆಗವ್ಳೆ. ನೀನೂ ಇದೀಯ, ಕೂತ್ರೆ ಎಬ್ಸಕ್ಕೆ ಇಬ್ರು ಬೇಕು."

ಇಪ್ಪತ್ತೊಂದು ವರ್ಷ ಅವರಿಗೆ ಕಾಫಿ ಕೊಟ್ಟ ಕೈ ಇದು. ಮೈಯೆಲ್ಲ ಉರಿಯಿತು.

ಮಧ್ಯಾಹ್ನ ನಾನು ಮಾಡಿದ್ದು ಒತ್ತು ಶಾವಿಗೆ, ಕಾಯಿಹಾಲು. ದೊಡ್ಡ ದೊಡ್ಡ ತೆಂಗಿನಕಾಯಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಏಲಕ್ಕಿ ಹಾಕಿದ್ದೆ.

"ಅಕ್ಕ, ಎಣ್ಣೆ ತುಪ್ಪ ಏನಾದ್ರೂ ಹಾಕಿದೀರಾ?"

"ಒಂದು ಹನೀನೂ ಇಲ್ಲ ಕಣೇ. ತಿನ್ನು."

ಸುಳ್ಳೇನಲ್ಲವಲ್ಲ? ನಮ್ಮೂರಲ್ಲಿ ಕಾಯನ್ನು ಯಾರು ಜಿಡ್ಡು ಎನ್ನುತ್ತಾರೆ? ಪಥ್ಯದವರಿಗೂ ಪಲ್ಯಕ್ಕೆ ತುರಿ ಉದುರಿಸಿಯೇ ಬಡಿಸುತ್ತೇವೆ. ಅಷ್ಟಿಷ್ಟು ತುರಿ ಶಶಿಗೂ ಏನೂ ಮಾಡಿರಲಿಲ್ಲ. ಅವಳು ನಂಬಿ, ಮಾತ್ರೆ ನುಂಗಿ, ಮೂರು ಸಲ ಹಾಕಿಸಿಕೊಂಡಳು. ಸಂಜೆಗೂ ಅದನ್ನೇ ಕೊಟ್ಟೆ.

ಟೆಂಪೋ ನಿಂತಿತು. ಶಶಿ ಒಂದು ತೋಟದ ಮನೆಯತ್ತ ಓಡಿದಳು. ಅಲ್ಲಿಗೆ ಮುಟ್ಟುವುದರೊಳಗೆ ಸೀರೆ ಕೆಟ್ಟಿತ್ತು. ಆ ಮನೆಯ ಹೆಂಗಸು ಕೊಟ್ಟ ಹಳೇ ಸೀರೆ ಉಟ್ಟು, ಅಳುತ್ತಾ, "ನೀವು ಹೋಗಿ ಅಕ್ಕ, ಯಾರಿಗೂ ಹೇಳ್ಬೇಡಿ" ಎಂದಳು.

ಹೋದೆ. ಮೊದಲೇ ಅಲ್ಲಿ ಸೇರಿದ್ದ ಅತ್ತೆಗೆ, ಶಶಿಗೆ ತಲೆನೋವು ಎಂದೆ. ಫೋಟೋದಲ್ಲಿ ಅತ್ತೆಯ ಪಕ್ಕ ನಾನೊಬ್ಬಳೇ ಸೊಸೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ಬುಧವಾರ ಬೇಲೂರಿನಿಂದ ಫೋನು.

"ಅಕ್ಕ, ಮಾತ್ರೆ ಬಿಟ್ಬಿಡ್ತೀನಿ. ಪಥ್ಯ ಮಾಡಿದ್ರೂ ಹಿಂಗಾಯ್ತು ಅಂದ್ರೆ ನನ್ನ ಮೈಗೆ ಒಗ್ಗಲ್ಲ. ಮಂಡಿನೋವು ಇದ್ದಿದ್ದೇ."

ನಾನು ಸುಮ್ಮನಿದ್ದರೆ ಅವಳು ಮತ್ತೆ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮತ್ತೆ ದಪ್ಪಗಾಗುತ್ತಾಳೆ. (ಹೌದು, ಅದೂ ಹೊಳೆಯಿತು.)

"ಬಿಡಬೇಡ ಕಣೇ. ಅದು ಕಾಯಿಹಾಲಿಂದ ಆಗಿದ್ದು. ಕಾಯಲ್ಲೂ ಜಿಡ್ಡಿರುತ್ತೆ. ಬೇಕಾದ್ರೆ ಡಾಕ್ಟರನ್ನೇ ಕೇಳು."

"ಅಕ್ಕ, ನಿಮಗೆ ಅವತ್ತೇ ಗೊತ್ತಿತ್ತಾ?"

"ಇಲ್ಲ ಕಣೇ. ಆಮೇಲೆ ಹೊಳೀತು."

ಶಶಿ ನಂಬಿದಳು. ಮಾತ್ರೆ ಮುಂದುವರಿಸಿದ್ದಾಳೆ. (ಅವರ ಮನೆಗೆ ಈ ಪತ್ರಿಕೆ ಬರುವುದಿಲ್ಲ. ನೀವೂ ಹೇಳಬೇಡಿ.)

ನಮ್ಮ ಅಟ್ಟದ ತುಂಬ ಕೊಬ್ಬರಿ. ಪ್ರತಿ ವರ್ಷ ಅದನ್ನು ಗಾಣಕ್ಕೆ ಕಳಿಸಿ, ಡಬ್ಬಕ್ಕೆ ಸೋಸಿ ತುಂಬಿಸುವವಳು ನಾನೇ.

ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ ಎಂದು ಗೊತ್ತಿಲ್ಲದ ಹೆಂಗಸು ಅರಸೀಕೆರೆಯಲ್ಲಿ ಇದ್ದಾಳೆಯೇ?