ಮುಂದಕ್ಕೆ ಹಾಕಿದ ನ್ಯಾಯ

ಮಂಜಿನಲ್ಲಿ ತೇಲುತ್ತಾ ಸೋಫಾ ಒಂದು ನನ್ನ ಕಿಟಕಿಯತ್ತ ಬರುತ್ತಿತ್ತು. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಅದು ನನ್ನ ಮೊದಲ ಬೆಳಗು. ಇಲ್ಲಿನ ಮೆಟ್ಟಿಲು ಏಣಿಯಷ್ಟು ಕಡಿದು, ಇಕ್ಕಟ್ಟು. ದೊಡ್ಡ ಸಾಮಾನನ್ನು ಮನೆ ನೆತ್ತಿಯ ಕೊಕ್ಕೆಗೆ ಹಗ್ಗ ಹಾಕಿ ಎಳೆದು, ಕಿಟಕಿಯಿಂದ ಒಳಗೆ ತರುತ್ತಾರೆ. ತೂಬಗೆರೆಯ ನಮ್ಮ ಮನೆಗೆ ಬೀರು ಬಂದಾಗ ಬಾಗಿಲನ್ನೇ ಕಿತ್ತಿದ್ದೆವು.

ಕೆಳಗೆ ಹಗ್ಗ ಹಿಡಿದಿದ್ದವಳು ಜಾಹ್ರಾ, ಕೆಳಮನೆಯವಳು, ಯುದ್ಧದಿಂದ ತಪ್ಪಿಸಿಕೊಂಡು ಬಂದವಳು. "ಬ್ಯೂರ್‌ಫ್ರೌ!" ಎಂದು ಕೂಗಿದಳು. ಇಲ್ಲಿನ ಡಚ್ ಮಾತಿನಲ್ಲಿ ನೆರೆಮನೆಯಾಕೆ ಎಂದರ್ಥ. ಹೆಸರು ಹೇಳುವ ಮೊದಲೇ ನಂಟು ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಯುದ್ಧಾಪರಾಧ ವಿಚಾರಿಸುವ ನ್ಯಾಯಾಲಯದಲ್ಲಿ ನಾನು ಅನುವಾದಕಿ. ಜಾಹ್ರಾಳ ಅಣ್ಣನನ್ನು ಹಿಡಿದೊಯ್ದು ಕೊಲ್ಲಿಸಿದ ಸೇನಾಧಿಪತಿಯ ಮೇಲೆ ವಾರಂಟು ಹೋಗಿದ್ದು ಇಲ್ಲಿಂದಲೇ. ಒಂದು ಸಂಜೆ ಸುದ್ದಿ ಬಂತು: ವಾರಂಟು ತಡೆಹಿಡಿದರೆ ಅವನು ಯುದ್ಧ ನಿಲ್ಲಿಸಿ ಮಾತುಕತೆಗೆ ಬರುತ್ತಾನಂತೆ. ತಡೆಹಿಡಿಯಿರಿ ಎಂದು ದೊಡ್ಡ ದೇಶಗಳೂ ಒತ್ತಾಯಿಸುತ್ತಿವೆಯಂತೆ. ಜಾಹ್ರಾಳ ತಾಯಿ ಇನ್ನೂ ಅಲ್ಲೇ, ಬಾಂಬುಗಳ ಕೆಳಗೆ.

"ಅಣ್ಣನಿಗೆ ನ್ಯಾಯ ಕೇಳಲೋ, ಅಮ್ಮನಿಗೆ ನಿದ್ದೆ ಕೇಳಲೋ? ನಿಮ್ಮೂರಲ್ಲಿ ಏನು ಮಾಡುತ್ತೀರಿ?" ಎಂದಳು.

ಊರಲ್ಲಿ ಪಂಚಾಯ್ತಿ ಮಾಡುವ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಬಿತ್ತನೆ ಟೈಮಲ್ಲಿ ಹೊಡೆದಾಟ ಆದ್ರೆ ನ್ಯಾಯ ಮುಂದಕ್ಕೆ ಹಾಕ್ತೀವಿ ಕಣವ್ವ. ಮೊದ್ಲು ರಾಗಿ ನೆಲಕ್ಕೆ ಬೀಳ್ಲಿ. ಆದ್ರೆ ಹೊಡೆದೋನ ಹೆಗಲ ಮೇಲಿನ ವಲ್ಲಿ ಕಿತ್ಕೊಂಡು ಇಟ್ಕೊತೀವಿ. ತೀರ್ಮಾನ ಆಗೋವರ್ಗೂ ಬರೀ ಹೆಗಲಲ್ಲೇ ತಿರುಗ್ಬೇಕು ಆವಯ್ಯ. ಊರೆಲ್ಲ ನೋಡ್ತದೆ."

ಅನುವಾದಿಸಿ ಹೇಳಿದೆ. "ಸೇನಾಧಿಪತಿಗೆ ವಲ್ಲಿ ಎಲ್ಲಿದೆ?" ಎಂದಳು ಜಾಹ್ರಾ.

"ಟೋಪಿ ಐತಲ್ಲ, ಅದನ್ನೇ ಕಿತ್ಕಳ್ರವ್ವ!" ಎಂದರು ದೊಡ್ಡಪ್ಪ. ಮೂವರೂ ನಕ್ಕೆವು.

ಟೋಪಿಯನ್ನು ಯಾರೂ ಕೀಳಲಿಲ್ಲ. ವಾರಂಟಿಗೆ ತಡೆ ಬಿತ್ತು. ಟಿವಿಯಲ್ಲಿ ಅವನು ಎದೆತುಂಬ ಪದಕ ತೊಟ್ಟು ಎಲ್ಲರ ಕೈಕುಲುಕುತ್ತಿದ್ದ. ಅಂದೇ ಜಾಹ್ರಾಳ ತಾಯಿ ಫೋನು ಮಾಡಿ, ಆಕಾಶ ಸುಮ್ಮನಿದೆ, ತಾರಸಿಗೆ ಹೋಗಿ ಬಟ್ಟೆ ಒಣಹಾಕಿ ಬಂದೆ ಎಂದರಂತೆ.

ಮರುದಿನ ಬೆಳಿಗ್ಗೆ ಜಾಹ್ರಾ ಕೋಟು ತೊಟ್ಟು ನನ್ನ ಬಾಗಿಲಲ್ಲಿ ನಿಂತಿದ್ದಳು. "ನಡಿ, ನಿಮ್ಮ ನ್ಯಾಯಾಲಯದಲ್ಲಿ ಸಾಕ್ಷಿ ಬರೆಸಿ ಬರುತ್ತೇನೆ. ಮುಂದಕ್ಕೆ ಹಾಕಿದವರು ಅವರು. ಮರೆಯುತ್ತೇನೆ ಅಂತ ನಾನೇನೂ ಒಪ್ಪಿಲ್ಲ."

ಟ್ರಾಮಿನ ಕಿಟಕಿಯಾಚೆ ಕಾಲುವೆಗಳು ನಿದ್ದೆಯಲ್ಲೇ ನಡೆದಂತೆ ಸರಿದವು. ನನ್ನ ನ್ಯಾಯಾಲಯದ ಬಗ್ಗೆ ನಾಚಿಕೆ. ಆ ತಾಯಿಯ ಬಟ್ಟೆ ಬಿಸಿಲಿಗೆ ಒಣಗುತ್ತಿದೆಯಲ್ಲ ಎಂಬ ಸಮಾಧಾನ. ತೂಬಗೆರೆಯಲ್ಲಾಗಿದ್ದರೆ ನಮ್ಮ ಕಡೆಯವರು ಯಾರೆಂದು ನೋಡಿ, ಅವರ ಹಿಂದೆ ಹೋಗಿ ನಿಂತರಾಗುತ್ತಿತ್ತು.

"ನೀವು ಸಾಕ್ಷಿಯ ಕಡೆಯವರೋ, ನ್ಯಾಯಾಲಯದ ಕಡೆಯವರೋ?" ಎಂದು ಗೇಟಿನ ಕಾವಲುಗಾರ ಕೇಳಿದ.

ಕೊರಳಿನ ಐಡಿ ಕಾರ್ಡು ತೋರಿಸಿದೆ. ಹಿಡಿದಿದ್ದ ಜಾಹ್ರಾಳ ಕೈಯನ್ನು ಬಿಡಲಿಲ್ಲ.