ಯಾರೂ ಹೇಳದ ಹೆಸರು

ಹೊಸ ಸಾಹೇಬರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಮನಸಾರೆ ಬೈದು ಮರೆತುಬಿಡುತ್ತಿದ್ದೆ. ಆದರೆ ಮನುಷ್ಯ ಅಗದಿ ಒಳ್ಳೆಯವರು. ಮೈಸೂರು ಕಡೆಯವರು, ಇನ್ನೂ ಹುಡುಗು ವಯಸ್ಸು, ಮೈಕೈಗೆಲ್ಲ ಬಣ್ಣ ಮೆತ್ತಿಕೊಂಡ ನಮ್ಮಂಥವರಿಗೂ ಕುರ್ಚಿ ತೋರಿಸಿ ‘ಕೂತ್ಕೊಳ್ಳಿ’ ಅನ್ನುವವರು. ಅಂಥವರ ಕೈಯಿಂದಲೇ ಅನ್ಯಾಯವಾದರೆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು?

ಎಂಬತ್ತರ ದಶಕದ ಮಾತು. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಒಂದು ಸಣ್ಣ ಕೇಂದ್ರದಲ್ಲಿ ನನಗೆ ನೌಕರಿ. ಕೆಲಸಕ್ಕೆ ಇದ್ದವರು ಮೂರೇ ಮಂದಿ. ಹಿರಿಯರಾದ ಕಾಕಾ ಕಟ್ಟಿಗೆಯ ಕೆಲಸ ನೋಡುತ್ತಿದ್ದರು. ತೊಟ್ಟಿಲ ಕಾಲನ್ನು ತಿರುಗಣೆಗೆ ಹಾಕಿ ಅರಗಿನ ಬಣ್ಣ ಹತ್ತಿಸುತ್ತಿದ್ದರು. ದುಮ್ಮವಾಡದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಹಲಗೆಗಳಿಗೆ ಬಣ್ಣ ತುಂಬುತ್ತಿದ್ದಳು. ಅವಳನ್ನು ನಾನು ತಂಗಿ ಅಂತಲೇ ಕರೆಯುತ್ತಿದ್ದೆ. ಕೊನೆಗೆ ಹಲಗೆ ನನ್ನ ಮುಂದೆ ಬರುತ್ತಿತ್ತು. ಅದರ ಮೇಲೆ ಬಳ್ಳಿ, ಗಿಳಿ, ಬಾಲಕೃಷ್ಣನನ್ನು ಬರೆಯುವವನು ನಾನು. ಕೃಷ್ಣನ ಕಣ್ಣು ಎಲ್ಲಕ್ಕಿಂತ ಕೊನೆಗೆ. ಯಾರು ಮಾಡಿದ್ದು ಅಂತ ಊರವರು ಕೇಳಿದರೆ ‘ನಾವು’ ಅನ್ನುವುದೇ ನಮ್ಮ ರೂಢಿ. ತಪ್ಪಿ ‘ನಾನು’ ಅಂದರೆ ಮುಗಿಯಿತು, ‘ಬರ್ರಿ ಬರ್ರಿ, ತೊಟ್ಟಲಾ ಹಡದಾವ್ರು ಬಂದ್ರು!’ ಅಂತ ಕಾಕಾ ವಾರಗಟ್ಟಲೆ ಕಾಡುತ್ತಿದ್ದರು.

ಈ ಸಾಹೇಬರು ಬರುವುದಕ್ಕೆ ಮೊದಲೇ ನನ್ನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಚಹಾದ ಬಸಿಯಲ್ಲಿ ಗೊತ್ತಾಯಿತು, ಆಮೇಲೆ ಕುಂಚದಲ್ಲಿ. ಡಾಕ್ಟರ ಗುಳಿಗೆಯಿಂದ ಏನೂ ಆಗಲಿಲ್ಲ. ಒಂದು ದಿನ ಕೃಷ್ಣನ ಕಣ್ಣು ಎಳೆಯಲು ಹೋದರೆ ಗೆರೆ ಕಿವಿಯ ತನಕ ಹರಿದು ಹೋಯಿತು. ಬಾಜೂ ಕೂತಿದ್ದ ತಂಗಿ ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಅದನ್ನು ಒರೆಸಿದಳು. ನನ್ನ ಕೈಯಿಂದ ಕುಂಚ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಕಣ್ಣು ಬರೆದಳು. ನಾನು ದಂಗಾಗಿ ನೋಡುತ್ತಾ ಕೂತೆ.

‘ನಿನ್ನ ನೋಡೇ ಕಲತೀನಣ್ಣಾ’ ಅಂದಳು.

ಅವತ್ತಿನಿಂದ ಸಣ್ಣ ಗೆರೆಯೆಲ್ಲ ಅವಳದು, ಹೆಸರು ನನ್ನದು. ಕಾಕಾನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಹಾಸಿಗೆ ಹಿಡಿದ ನನ್ನ ಹೆಂಡತಿಯ ಔಷಧಿ, ಮನೆಯ ಒಲೆ ಎಲ್ಲವೂ ಆ ನೌಕರಿಯ ಮೇಲೇ ನಿಂತಿತ್ತು. ತಂಗಿಗೂ ಬೇರೆ ಆಸರೆ ಇರಲಿಲ್ಲ. ಗಂಡ ತೀರಿಹೋಗಿದ್ದ.

ಸಾಹೇಬರು ಬಂದ ಸ್ವಲ್ಪ ದಿನಕ್ಕೆ, ಮೂವರಲ್ಲಿ ಒಬ್ಬರನ್ನು ಕಡಿಮೆ ಮಾಡಿ ಅಂತ ಮೇಲಿನವರ ಅಪ್ಪಣೆಯಾಯಿತು. ಬೇರೆಯವರಾಗಿದ್ದರೆ ಯಾರದಾದರೂ ವಶೀಲಿ ನೋಡಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು, ‘ನಾನು ಹೊಸಬ. ನಿಮ್ಮನ್ನ ತಿಳ್ಕೊಳ್ಳದೆ ಏನೂ ಮಾಡಲ್ಲ. ನಾಳೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸ್ತೀನಿ’ ಅಂದರು.

ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದಾಗ ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು. ‘ಇದನ್ನ ಒಂದ್ಸಲ ನೋಡಿದ್ರ ಸಾಕು, ನಿನ್ನನ್ನಽ ಮನೀಗೆ ಕಳಸ್ತಾರಲೇ’ ಅಂದರು.

‘ಹಂಗಾರ ಏನ್ ಮಾಡೂಣು ಕಾಕಾ?’ ಅಂದಳು ತಂಗಿ.

‘ಯಾರ ಕೆಲಸ ಚಲೋ ಅಂತ ಕೇಳಿದ್ರ ನಾನೂ ಇವನ ಹೆಸರ ಹೇಳ್ತೀನಿ, ನೀನೂ ಹೇಳು. ಸಾಹೇಬ್ರಿಗೆ ಇವನ ಮ್ಯಾಲ ಸಂಶೇನಽ ಬರಬಾರ್ದು.’

‘ಹೂನ್ರಿ, ಹೇಳ್ತೀನಿ’ ಅಂದಳು. ಅರೆಗಳಿಗೆಯೂ ಯೋಚನೆ ಮಾಡಲಿಲ್ಲ ಆ ಹುಚ್ಚಿ. ನನಗೆ ಕಣ್ಣು ತುಂಬಿ ಬಂತು.

ಮರುದಿನ ಸಾಹೇಬರು ಚಹಾ ಕೊಟ್ಟು ಕೇಳಿದ್ದು ಅದನ್ನೇ: ನಿಮ್ಮಲ್ಲಿ ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ? ಅವರಿಬ್ಬರೂ ನನ್ನ ಹೆಸರು ಹೇಳಿದರು. ಹಿರಿಯರಿದ್ದಾಗ ಮೊದಲು ಅವರನ್ನು ಹೇಳುವುದು ನಮ್ಮ ಕಡೆಯ ಪದ್ಧತಿ. ನಾನು ಕಾಕಾ ಅಂದೆ.

ಸಂಜೆ ಸಾಹೇಬರು ತಂಗಿಯನ್ನು ಕರೆಸಿದರು. ಕುರ್ಚಿ ತೋರಿಸಿ ಕೂರಿಸಿದರು. ‘ಏನ್ಮಾಡ್ಲಮ್ಮ, ನಾನಾಗಿ ಆರಿಸಿದ್ದಲ್ಲ. ನಿಮ್ಮ ಹೆಸರನ್ನ ಯಾರೂ ಹೇಳಲಿಲ್ಲ. ಈ ಶನಿವಾರಕ್ಕೆ ಕೊನೆ.’

ಅಯ್ಯೋ ಶಿವನೇ! ನಾವು ಮೂವರೂ ಕೂಡಿ ಅವಳ ಕೊರಳಿಗೇ ಉರುಲು ಹೆಣೆದಿದ್ದೆವು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ನಾನು, ಅವಳು ಹೊರಗೆ ಹೋದ ಕೂಡಲೇ ಒಳಗೆ ನುಗ್ಗಿದೆ. ‘ಸಾಹೇಬ್ರ, ಆ ಕೃಷ್ಣನ ಕಣ್ಣು ನಾ ಬರದದ್ದಲ್ರಿ. ಆಕೀನಽ ಬರದಾಳ್ರಿ. ನನ್ನ ಕೈ ನೋಡ್ರಿ’ ಅಂತ ಚಾಚಿದೆ. ಕೈ ನಡುಗುತ್ತಿತ್ತು.

ಅವರು ಎದ್ದು ಬಂದು ಆ ಕೈಯನ್ನು ಹಿಡಿದುಕೊಂಡರು. ‘ಸಿಟ್ಟಲ್ಲಿ ಯಾರ ಕೈಯಾದ್ರೂ ನಡುಗುತ್ತೆ. ಅವರನ್ನ ಉಳಿಸೋಕೆ ನಿಮ್ಮ ಕೆಲಸಾನೇ ಬಿಡೋಕೆ ಹೊರಟಿದೀರಿ. ಅವರೇ ನಿಮ್ಮ ಹೆಸರು ಹೇಳಿದಾರಲ್ಲ?’

‘ನಾ ಒಬ್ಬನಽ ಕೂತು ಬರದ ಇಡ್ತೀನಿ. ನಾಳೆ ಮುಂಜಾನೆ ನೋಡ್ರಿ.’

‘ಆಗಲಿ. ದೇವರ ಕಣ್ಣನ್ನ ನೀವು ಬೇಕಂತ ಕೆಡಿಸೋರಲ್ಲ. ನೀವು ಹೇಳಿದ್ದು ನಿಜವಾದ್ರೆ ಅವರೇ ಇರ್ತಾರೆ’ ಅಂದರು. ಹಾಗಾದರೆ ನಾನು ಹೋಗಬೇಕು ಅಂತ ಬಾಯಿಬಿಟ್ಟು ಹೇಳಲಿಲ್ಲ. ನನಗೆ ತಿಳಿಯಿತು.

ತಂಗಿ ಬಸ್ಸಿಗೆ ಹೋದ ಮೇಲೆ ಕೂತು ಬರೆದೆ. ಕೆಡಿಸಲಿಲ್ಲ, ಇದ್ದಬದ್ದ ಜೀವವನ್ನೆಲ್ಲ ಕೈಗೆ ತಂದುಕೊಂಡು ಬರೆದೆ. ಎರಡು ಕಣ್ಣೂ ಸೊಟ್ಟಗಾದವು. ಜನ್ಮದಲ್ಲಿ ಮೊದಲ ಸಲ ಕೆಟ್ಟ ಗೆರೆ ನೋಡಿ ಎದೆ ಹಗುರಾಯಿತು. ಹೆಂಡತಿಗೆ ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸುತ್ತಾ ಮನೆಗೆ ನಡೆದೆ. ಅಡ್ಡ ಬರುತ್ತಾಳೆ ಅಂತ ತಂಗಿಗೆ ಮಾತ್ರ ಇದನ್ನು ಹೇಳಿರಲಿಲ್ಲ.

ಮುಂಜಾನೆ ಸಾಹೇಬರನ್ನು ಬಾಗಿಲಲ್ಲೇ ಕಾದು ನಿಂತು ಒಳಗೆ ಕರೆದುಕೊಂಡು ಹೋದೆ. ತಂಗಿ ಮೊದಲ ಬಸ್ಸಿಗೇ ಬಂದು ತನ್ನ ಜಾಗದಲ್ಲಿ ಕೂತಿದ್ದಳು. ಒಳಗೆಲ್ಲ ಸೀಮೆಎಣ್ಣೆಯ ವಾಸನೆ. ಹಲಗೆಯ ಮೇಲೆ ಕೃಷ್ಣ ಎರಡೂ ಕಣ್ಣು ಅರಳಿಸಿ ನಗುತ್ತಿದ್ದ.

‘ನೋಡಿದ್ರಾ, ನಿಮಗೆ ಸುಳ್ಳು ಹೇಳೋಕೂ ಬರಲ್ಲ’ ಅಂತ ಸಾಹೇಬರು ನನ್ನ ಬೆನ್ನು ತಟ್ಟಿದರು.

‘ಈಗ ಆಕಿ ಬರದಾಳ್ರಿ!’ ಅಂತ ಚೀರಿದೆ. ಕುಂಚವನ್ನು ಅವಳ ಮುಂದೆ ಹಿಡಿದೆ. ‘ಬರದ ತೋರಸ ಬೇ!’

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ‘ನನಗೆಲ್ಲಿ ಬರತೈತ್ರಿ ಸಾಹೇಬ್ರ? ನಾ ಬಣ್ಣ ತುಂಬಾಕಿರಿ.’

ಕಾಕಾನ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಬಾಯಿ ಬಿಟ್ಟರೆ ನನ್ನ ಮನೆಯ ಒಲೆ ಆರುತ್ತದೆ, ಬಿಡದಿದ್ದರೆ ಅವಳದು. ಸಾಹೇಬರು ನಿಟ್ಟುಸಿರು ಬಿಟ್ಟು ತಮ್ಮ ಕೋಣೆಗೆ ಹೋದರು.

‘ಏನ್ ಮಾಡಿದಿ ಬೇ! ಅದನ್ಯಾಕ ಒರಸಿದಿ?’ ಅಂತ ಅವಳ ಮೇಲೆ ಹರಿಹಾಯ್ದೆ. ಅಳು ಬರುತ್ತಿತ್ತು.

‘ಬಂದು ನೋಡಿದ್ನಿ, ಸೊಟ್ಟ ಆಗಿತ್ತು. ಸಾಹೇಬ್ರು ನೋಡಿದ್ರ ನಿನ್ನ ನೌಕರಿ ಹೋಗ್ತಿತ್ತಲ್ಲಣ್ಣಾ’ ಅಂದಳು. ಅಷ್ಟು ಹೇಳಿ, ಕೆಂಪು ಬಣ್ಣದ ಡಬ್ಬಿ ಹತ್ತಿರ ಎಳೆದುಕೊಂಡು ಇನ್ನೊಂದು ಹಲಗೆ ತುಂಬತೊಡಗಿದಳು.

ಶನಿವಾರ ಸಂಜೆ ದುಮ್ಮವಾಡದ ಬಸ್ಸು ಹತ್ತಿ ಹೋದಳು. ಸೋಮವಾರ ಕಾಕಾ ಹೊಸ ಹಲಗೆ ತಂದು ನನ್ನ ಮುಂದಿಟ್ಟರು. ಬಣ್ಣ ತುಂಬುವ ಕೆಲಸವೂ ಈಗ ನನ್ನದೇ. ಅದನ್ನು ಹೇಗೋ ತುಂಬಿದೆ. ಸಾಹೇಬರು ಚಹಾ ಕಳಿಸಿ, ಕಣ್ಣು ಬರೆಯುವುದನ್ನು ನೋಡಲು ತಾವೇ ಕುರ್ಚಿ ಎಳೆದುಕೊಂಡು ನನ್ನ ಬಾಜೂ ಬಂದು ಕೂತರು. ಆ ಜಾಗದಲ್ಲಿ ಅವಳು ಕೂರುತ್ತಿದ್ದಳು.