ನಮ್ಮ ಫಿಲ್ಮು ಓಡಿಸಿ ತೋರಿಸ್ರಿ

ಶಕುಂತಲಾ ಯಾವ ಜಾಹೀರಾತನ್ನೇ ಆಗಲಿ ಕೆಳಗಿನಿಂದ ಓದುತ್ತಿದ್ದಳು. ಸಾಬೂನಿನ ಪೊಟ್ಟಣವಿರಲಿ, ಗೋಡೆಯ ಪೋಸ್ಟರ್ ಇರಲಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ಮೊದಲು ಅಡಿಯ ಸಣ್ಣಕ್ಷರ ಹುಡುಕುತ್ತಿದ್ದಳು. "ದೊಡ್ಡಕ್ಷರ ಅವರಿಗಿ ಬೇಕಾದದ್ದು, ವೈನಿ. ನಮಗ ಬೇಕಾದದ್ದು ಇಲ್ಲಿ ಮುಚ್ಚಿ ಇಟ್ಟಿರ್ತಾರ" ಎನ್ನುತ್ತಿದ್ದಳು.

ಮಕ್ಕಳೇ, ಅವಳು ನಿಮ್ಮ ಅಜ್ಜನ ತಂಗಿ; ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಿದ್ದಳು. ಭಾಲ್ಕಿಯಲ್ಲಿ ಗಂಡ ದಿಗಂಬರನ ಜೊತೆ ಮದುವೆ ವಿಡಿಯೊ ಮಿಕ್ಸಿಂಗ್ ಅಂಗಡಿ ನಡೆಸುತ್ತಿದ್ದಳು. ನಿಮ್ಮ ಅಜ್ಜ ಹೋದ ಮೇಲೆ ನಾನೂ ಅಲ್ಲೇ ಒಂದು ಮೂಲೆಯಲ್ಲಿ ಕೂತು ಆಲ್ಬಮ್‌ಗೆ ಫೋಟೊ ಅಂಟಿಸುತ್ತಿದ್ದೆ. ಗಿರಾಕಿ ಬಂದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು, ಜಗಳವನ್ನೂ.

ಆ ವರ್ಷವೂ ಮಳೆ ಕೈಕೊಟ್ಟಿತ್ತು. ಮಗಳ ಮದುವೆ ಮುಗಿಸಿದವರು ಚಪ್ಪರ ಬಿಚ್ಚುತ್ತಲೇ ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಲಾರಿ ಹತ್ತುತ್ತಿದ್ದರು. ಹೊರಡುವ ಮೊದಲು ಫಿಲ್ಮು ಮೊಬೈಲಿಗೆ ಬೇಕು ಎಂಬುದೊಂದೇ ಎಲ್ಲರ ಮಾತು.

ಆಗಲೇ, ಕಂಪ್ಯೂಟರಿನಲ್ಲಿ ಚಿತ್ರ ಓಡಿಸುವ ಗ್ರಾಫಿಕ್ಸ್ ಚಿಪ್ಪಿನ ಕಂಪನಿಯ ಏಜೆಂಟನೊಬ್ಬ ಬೀದರಿನಲ್ಲಿ ಸ್ಟುಡಿಯೊದವರನ್ನೆಲ್ಲ ಕೂಡಿಸಿದ. ಪರದೆಯ ಮೇಲೆ ವೇಗದ ಎರಡು ಬಣ್ಣದ ಪಟ್ಟಿ ತೋರಿಸಿದ: ಹಳೆಯ ಚಿಪ್ಪಿನದು ಗಿಡ್ಡ, ಹೊಸದರದು ಅದರ ಎರಡರಷ್ಟು ಉದ್ದ. "ನಿಮ್ಮ ಕೆಲಸ ಅರ್ಧ ಟೈಮಿನಾಗ ಮುಗೀತದ" ಎಂದ. ಶಕುಂತಲಾ ಎದ್ದು ಪರದೆಯ ಹತ್ತಿರವೇ ಹೋಗಿ ಬಗ್ಗಿದಳು.

"ಇಲ್ಲಿ ಬರದದ ನೋಡ್ರಿ. ಇದು ಕಂಪ್ಯೂಟರಿನಾಗ ಆಟ ಆಡೋ ಲೆಕ್ಕ. ಅದರಾಗೂ ನಡುನಡುವಿನ ಚಿತ್ರ ಮಿಷನ್ನೇ ಹುಟ್ಟಿಸಿ ಸೇರಸ್ತದಂತ. ನನ್ನ ಮದಿವಿ ಫಿಲ್ಮಿಗಿ ಇದರಿಂದ ಏನಾತ್ರಿ?"

"ಅಕ್ಕೋರೆ, ಇದು ಟೆಕ್ನಿಕಲ್ ಅದ. ನಿಮಗ ತಿಳಿಯಂಗಿಲ್ಲ."

"ಗಾಂಧಿ ಗಂಜಿನ ಬಜಾರದಾಗ ಚೀಲದ ಬಾಯಾಗಿನ ತೊಗರಿ ನೋಡಿ ಯಾರರ ರೇಟು ಕಟ್ತಾರೇನ್ರಿ? ನಡುವಿಗಿ ಚುಚ್ಚಿ ಕಾಳು ತಗೀತಾರ. ತಗೋರಿ, ನಮ್ಮ ಫಿಲ್ಮು. ಓಡಿಸಿ ತೋರಿಸ್ರಿ" ಎಂದು ಪೆನ್ ಡ್ರೈವ್ ಚಾಚಿದಳು.

ಅವನು ಅದನ್ನು ಮುಟ್ಟಲೂ ಇಲ್ಲ. "ಅಕ್ಕೋರಿಗಿ ಮೊದಲ ಚಾ ಕೊಡ್ರಿ" ಎಂದ. ಹಾಲ್ ಪೂರ್ತಿ ನಕ್ಕಿತು. ನಕ್ಕವರಲ್ಲಿ ದಿಗಂಬರನೂ ಇದ್ದ. ಈಗಲೂ ನನಗೆ ಆ ನಗುವಿನ ಮೇಲೇ ಹೆಚ್ಚು ಸಿಟ್ಟು. ಚೀಲ ಚುಚ್ಚಿ ನೋಡದೆ ಮುಷ್ಟಿ ಕಾಳು ಕೊಳ್ಳದ ಗಂಡಸರು, ಒಂದು ಬಣ್ಣದ ಪಟ್ಟಿ ಕಂಡು ಬಾಯಿ ತೆರೆದು ಕೂತಿದ್ದರು.

ದಿಗಂಬರ ಆ ಹೊಸ ಚಿಪ್ಪನ್ನೇ ಕೊಂಡು ತಂದ. ತಂದ ದಿನವೇ, ಕಬ್ಬು ಕಡಿಯಲು ಹೊರಟಿದ್ದ ಭಾತಂಬ್ರಾದ ಗಿರಿಜಾಳಿಗೆ, "ನಾಡದು ಲಾರಿ ಬಿಡೋದ್ರೊಳಗ ನಿನ್ನ ಮಗಳ ಮದಿವಿ ಕೈಯಾಗಿಡ್ತೇನಿ" ಎಂದು ಮಾತು ಕೊಟ್ಟ. ಗಿರಿಜಾಳಿಗೆ ಒಬ್ಬಳೇ ಮಗಳು, ಔರಾದಿಗೆ ಕೊಟ್ಟಿದ್ದರು. ಕಬ್ಬಿನ ಹಂಗಾಮು ಮುಗಿಯುವವರೆಗೆ ಅವಳ ಮುಖ ನೋಡುವ ಹಾಗಿರಲಿಲ್ಲ.

ಹೊಸ ಚಿಪ್ಪು ಹಳೆಯದರಷ್ಟೇ ನಿಧಾನ ನಡೆಯಿತು. ಏಜೆಂಟನಿಗೆ ಫೋನ್ ಮಾಡಿದರೆ, "ನಿಮ್ಮ ಮಿಕ್ಸಿಂಗ್ ಸಾಫ್ಟ್‌ವೇರಿಗಿ ಆ ಸ್ಪೀಡ್ ಬರಂಗಿಲ್ರಿ, ನಾವು ಕೆಳಗ ಬರದೇವಲ್ಲ" ಎಂದ. ಗಿರಿಜಾ ಅಂಗಡಿ ಬಾಗಿಲಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದಳು. ಫಿಲ್ಮು ಅರ್ಧವೂ ಆಗಿರಲಿಲ್ಲ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಹಾರ್ನ್ ಹೊಡೆದೇ ಹೊಡೆದ. ಅವಳು ಫಿಲ್ಮಿಲ್ಲದೆಯೇ ಲಾರಿ ಹತ್ತಿಹೋದಳು.

"ಬೈದಿದ್ರ ಛಲೋ ಇತ್ತು" ಎಂದಳು ಶಕುಂತಲಾ. ಅಷ್ಟು ಉದ್ದದ ಫಿಲ್ಮು ನೆಟ್‌ನಲ್ಲಿ ಕಳಿಸಲು ಬರುತ್ತಿರಲಿಲ್ಲ; ಮುಗಿದದ್ದೇ ಅದನ್ನು ತನ್ನ ಫೋನಿಗೆ ಹಾಕಿಕೊಂಡು, ಗಿರಿಜಾ ಇದ್ದ ಕೊಲ್ಹಾಪುರದ ಕಡೆ ಹೋಗಲು ಸೋಲಾಪುರದ ಬಸ್ ಹತ್ತಿದಳು.

"ಯಾರರ ಕೈಯಾಗ ಕಳಸು, ಶಕುಂತಲಾ" ಎಂದೆ.

"ಮಾತು ನಮ್ಮ ಅಂಗಡಿದು, ವೈನಿ. ಕಂಪನಿಯವರು ಬಂದು ಮುಟ್ಟಸ್ತಾರೇನು?"

ನಾನು ಅವಳನ್ನು ಕಂಡದ್ದು ಅದೇ ಕೊನೆ. ಮರಳಿ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಳು. ಅದಕ್ಕೂ ಚಿಪ್ಪಿಗೂ ಸಂಬಂಧವಿಲ್ಲ, ಮೊದಲೇ ಇದ್ದ ಕಾಯಿಲೆ ಎಂದರು ಡಾಕ್ಟರು. ಇರಬಹುದು. ನನ್ನ ಸಿಟ್ಟು ಅವರ ಮಾತು ಕೇಳುವುದಿಲ್ಲ.

ಹಂಗಾಮು ಮುಗಿದ ಮೇಲೆ ಗಿರಿಜಾ ಬಂದು ಹೇಳಿದಳು. ಕಬ್ಬಿನ ಸೋಗೆಯ ಮೇಲೆ ಇಬ್ಬರೂ ಕೂತು ಪೂರ್ತಿ ನೋಡಿದರಂತೆ. ಮುಗಿದ ಮೇಲೆ ಶಕುಂತಲಾ, "ಹ್ಯಾಂಗ ಆಗ್ಯಾದ? ಖರೆ ಹೇಳು, ನನ್ನ ಮುಖ ನೋಡಬ್ಯಾಡ" ಎಂದಳಂತೆ.

"ಎಲ್ಲಾ ಛಲೋ ಅದರಿ. ಅರಿಷಿಣ ಹಚ್ಚೋ ಕಡಿ ಮಗಳ ಮುಖ ಜರಾ ಕೆಂಪಗ ಕಾಣ್ತದ."

ಶಕುಂತಲಾ ಆ ಜಾಗಕ್ಕೆ ತಿರುಗಿಸಿ ಎರಡು ಸಲ ನೋಡಿ, "ಹೌದು, ನನ್ನದೇ ತಪ್ಪು. ಹೋಗಿ ಸರಿ ಮಾಡಿ ಕಳಸ್ತೇನಿ" ಎಂದಳಂತೆ.

ಆ ಹುಡುಗಿಯ ಮುಖ ಗಿರಿಜಾಳ ಮೊಬೈಲಿನಲ್ಲಿ ಇನ್ನೂ ಕೆಂಪಗೇ ಇದೆ.